ಹದಿನಾಲ್ಕು ಕ್ಯಾರೆಟ್ಟಿನ ಜೋಡಿ ಉಂಗುರ

ಮೊನ್ನೆ ಪಕ್ಕದ ಮನೆಯಲ್ಲಿ ಅಂಟುವಾಳಕಾಯಿ ಕುದಿಸುತ್ತಿದ್ದರು. ಮೊಮ್ಮಗಳ ಕೂದಲು ಉದುರುತ್ತದಂತೆ. ಅಂಗಡಿಯ ಶಾಂಪೂ ಒಂದೊಂದಾಗಿ ಸೋತ ಮೇಲೆ ಅಜ್ಜಿಯ ಮದ್ದು ನೆನಪಾಗಿರಬೇಕು. ಆ ಒಗರು ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ತಡ, ನಾನು ಮೂಡಬಿದಿರೆ ಪೇಟೆಯ ಒಂದು ಜಗಲಿಯಲ್ಲಿ ಕುಳಿತಿದ್ದೆ. ಎದುರಿಗೆ ಆಚಾರ್ರು ಮಾಡಿ ಮುಗಿಸಿದ ಉಂಗುರವನ್ನು ಅಂಟುವಾಳದ ನೀರಿನಲ್ಲಿ ಅದ್ದಿ ಅದ್ದಿ ಕುಂಚದಿಂದ ಉಜ್ಜುತ್ತಿದ್ದರು. ಅರವತ್ತು ವರ್ಷಗಳ ಹಿಂದಿನ ಮಾತು.

ಚಿನ್ನದ ಕೆಲಸದವರನ್ನು ನಮ್ಮ ಕಡೆ ಆಚಾರಿ ಎನ್ನುತ್ತಾರೆ. ಕ್ರಿಶ್ಚಿಯನ್ ಹೆಂಗಸರಾದ ನಮ್ಮನ್ನು ಅವರು ಬಾಯಮ್ಮ ಎನ್ನುತ್ತಿದ್ದರು, ಗಂಡಸರನ್ನು ಪೊರ್ಬುಗಳು ಎನ್ನುತ್ತಿದ್ದರು. ಸಿದ್ಧಕಟ್ಟೆಗೆ ಹೋಗುವ ದಾರಿಯಲ್ಲಿದ್ದ ನಮ್ಮ ಮನೆಗೆ ಬೇಕಾದ ಬೆಂಡೋಲೆ, ಬಳೆ ಎಲ್ಲ ಆ ಜಗಲಿಯಲ್ಲೇ ಆಗುತ್ತಿತ್ತು. ಆಚಾರ್ರು ಸಣಕಲು ಮನುಷ್ಯ. ಬೆಂಕಿಗೆ ಊದಿ ಊದಿ ಕೆನ್ನೆ ಒಳಗೆ ಹೋಗಿತ್ತು. ಮಾತು ಕಡಿಮೆ. ನನ್ನದು ತದ್ವಿರುದ್ಧ, ಊರಿಗೆಲ್ಲ ಗೊತ್ತಿದ್ದ ಜೋರು ಬಾಯಿ. ಈ ಹುಡುಗಿಯ ನಾಲಗೆಗೆ ಗಂಡು ಸಿಕ್ಕುವುದು ಕಷ್ಟ ಎಂದು ಚರ್ಚಿಗೆ ಬಂದ ಹೆಂಗಸರು ಇಗರ್ಜಿಯ ಅಂಗಳದಲ್ಲಿ ಆಡಿಕೊಳ್ಳುತ್ತಿದ್ದರು.

ಗಂಡು ಸಿಕ್ಕಿತು. ಬೆಳ್ತಂಗಡಿಯ ಕಡೆಯವರು, ಚಾರ್ಮಾಡಿ ರಸ್ತೆಯ ಬದಿಗೆ ಮನೆ. ಇವರು ಎರಡು ವರ್ಷ ಬೊಂಬಾಯಿಯಲ್ಲಿದ್ದು ಬಂದವರು. ಅಲ್ಲಿ ಮದುವೆಯಾಗುವ ಹುಡುಗ ಹುಡುಗಿ ಒಟ್ಟಿಗೇ ಹೋಗಿ ಉಂಗುರ ಆರಿಸುವುದನ್ನು ನೋಡಿದ್ದರಂತೆ. ನಾವೂ ಹಾಗೆಯೇ ಮಾಡುವ ಎಂದು ಹೇಳಿ ಕಳುಹಿಸಿದರು. ಅಮ್ಮನಿಗೆ ನಾಚಿಕೆ, ನನಗೆ ಒಳಗೊಳಗೇ ಖುಷಿ. ಅಪ್ಪ ತೀರಿಹೋಗಿದ್ದರು. ಅಮ್ಮ ತಮ್ಮ ಎರಡೆಳೆಯ ಸರವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ನಮ್ಮಿಬ್ಬರ ಹಿಂದೆ ಬಂದರು. ಇಡೀ ಸರ ಕರಗಿಸಿ ಜೋಡಿ ಉಂಗುರ ಮಾಡಿಸುತ್ತೇನೆ ಎಂದು ಗಂಡಿನ ಮನೆಗೆ ಅವರು ಮೊದಲೇ ಮಾತು ಕೊಟ್ಟಿದ್ದರು.

ಅದು ಅರವತ್ತಮೂರನೇ ಇಸವಿಯ ಮೊದಲ ತಿಂಗಳುಗಳು. ಈಸ್ಟರ್ ಕಳೆದ ಮೇಲೆ ಮದುವೆ. ಇವರಿಗೆ ಏನೂ ಕೆತ್ತನೆಯಿಲ್ಲದ ನುಣುಪು ಉಂಗುರ ಬೇಕು, ನನಗೆ ಸುತ್ತಲೂ ಸಣ್ಣ ಎಲೆ ಬೇಕು. ಜಗಲಿಯಲ್ಲಿ ಕುಳಿತು ನಾವು ವಾದ ಮಾಡಿದೆವು. ಮದುವೆಗೆ ಮೊದಲು ನಾವು ಆಡಿದ ಮಾತೆಲ್ಲ ಅಷ್ಟೇ, ಎಲೆ ಬೇಕೋ ಬೇಡವೋ ಎಂದು. ಆಚಾರ್ರು ತೆಂಗಿನ ಗರಿಯ ಸೀಳನ್ನು ಮೊದಲು ಇವರ ಬೆರಳಿಗೆ, ಆಮೇಲೆ ನನ್ನ ಬೆರಳಿಗೆ ಸುತ್ತಿ ಅಳತೆ ತೆಗೆದರು. ಕೊನೆಗೆ ಅವರೇ ತೀರ್ಮಾನ ಕೊಟ್ಟರು.

"ಹೊರಗೆ ನುಣುಪು ಇರಲಿ. ಒಳಬದಿಗೆ ಒಂದೊಂದು ಎಲೆ ಕೆತ್ತುತ್ತೇನೆ. ನಿಮಗಿಬ್ಬರಿಗೆ ಗೊತ್ತಿದ್ರೆ ಸಾಕಲ್ಲ?"

ಇವರು ನಕ್ಕರು. ನಾನು ಸೋತೆನೋ ಗೆದ್ದೆನೋ ನನಗೇ ಗೊತ್ತಾಗಲಿಲ್ಲ. ಆಗ ಅಮ್ಮ ಸರ ಬಿಚ್ಚಿಟ್ಟರು. ಆಚಾರ್ರು ಅದನ್ನು ಒರೆಗಲ್ಲಿಗೆ ಉಜ್ಜಿ ನೋಡಿದರು.

"ಚಿನ್ನ ಚೊಕ್ಕ ಉಂಟು ಬಾಯಮ್ಮ. ಆದ್ರೆ ಹೀಗೇ ಮಾಡ್ಲಿಕ್ಕೆ ಇಲ್ಲ. ಸರ್ಕಾರದ ಕಾನೂನು ಬಂದಿದೆ. ಹದಿನಾಲ್ಕು ಕ್ಯಾರೆಟ್ಟಿಗಿಂತ ಮೇಲೆ ಯಾರೂ ಒಡವೆ ಮಾಡಬಾರದು. ತಾಮ್ರ ಬೆರೆಸಲೇಬೇಕು."

"ಯಾರಿಗೆ ಗೊತ್ತಾಗ್ತದೆ ಆಚಾರ್ರೇ? ಮದುವೆಯ ಉಂಗುರ, ಹೀಗೇ ಮಾಡಿಕೊಡಿ," ಎಂದರು ಇವರು.

"ಗೊತ್ತಾದ್ರೆ ನನ್ನನ್ನು ಹಿಡ್ಕೊಂಡು ಹೋಗ್ತಾರೆ ಪೊರ್ಬುಗಳೇ. ಮನೆಯಲ್ಲಿ ನಾಲ್ಕು ಹೊಟ್ಟೆ ಉಂಟು." ಆಮೇಲೆ ಸರವನ್ನು ನೋಡುತ್ತಾ ತಮಗೇ ಹೇಳಿಕೊಂಡಂತೆ ಹೇಳಿದರು, "ಬಂಗಾರಕ್ಕೆ ಬೇಕಾದಷ್ಟು ತಾಮ್ರ ಹಾಕು, ಹೊಟ್ಟೆಗೆ ಬೇಕಾದಷ್ಟು ಹಾಕಬೇಡ ಅಂತ ನನ್ನಪ್ಪ ಹೇಳ್ತಿದ್ರು. ಈಗ ಸರ್ಕಾರವೇ ಹಾಕು ಅಂತದೆ."

ನಮ್ಮನ್ನು ಎದುರಿಗೆ ಕೂರಿಸಿಕೊಂಡೇ ಅವರು ಚಿನ್ನ ಕರಗಿಸಿದರು. ತಾಮ್ರದ ಚೂರನ್ನು ತೂಗಿ, ನಮಗೆ ತೋರಿಸಿ, ಮೂಸೆಗೆ ಹಾಕಿದರು. ಹಾಕುವಾಗ ಮುಖವನ್ನು ಪಕ್ಕಕ್ಕೆ ತಿರುಗಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ... ಹೊಗೆಗೆ ಎಂದು ಆವತ್ತು ಅಂದುಕೊಂಡಿದ್ದೆ. ತಾಮ್ರ ಸೇರಿದ್ದರಿಂದ ಅಷ್ಟು ಚಿನ್ನ ಬೇಕಾಗಲಿಲ್ಲ. ಉಳಿದದ್ದನ್ನು ಗುಲಗಂಜಿಯಷ್ಟೂ ಬಿಡದೆ ಗುಲಾಬಿ ಕಾಗದದಲ್ಲಿ ಕಟ್ಟಿ ಅಮ್ಮನ ಕೈಗೆ ಕೊಟ್ಟರು.

ಉಂಗುರ ತರಲು ನಾವು ಮೂವರೂ ಪುನಃ ಹೋದಾಗ, ಅಂಟುವಾಳದ ನೀರಿನಲ್ಲಿ ತೊಳೆದು ಒರೆಸಿ ಕೊಟ್ಟು, ಆಚಾರ್ರು ಒಂದು ಮಾತು ಕೇಳಿದರು.

"ಒಂದು ಉಪಕಾರ ಮಾಡ್ಬೇಕು. ಇದು ಸ್ವಲ್ಪ ಕೆಂಪು ಕಾಣ್ತದೆ. ಯಾರಾದ್ರೂ ಕೇಳಿದ್ರೆ ಕಾನೂನು ಹೀಗೆ, ಆಚಾರಿ ಕದ್ದದ್ದಲ್ಲ ಅಂತ ಹೇಳಿ. ನೀವು ಕಣ್ಣಾರೆ ನೋಡಿದ್ದೀರಿ."

"ಹೇಳದೆ ಇರ್ತೇವಾ ಆಚಾರ್ರೇ? ನನ್ನ ಬಾಯಿ ಗೊತ್ತುಂಟಲ್ಲ ನಿಮಗೆ," ಎಂದೆ. ಅವರು ಕೈಮುಗಿದರು. ನಾನು ಹೊಳೆಯುವ ಉಂಗುರವನ್ನೇ ನೋಡುತ್ತಿದ್ದೆ, ಅವರ ಮುಖವನ್ನು ಸರಿಯಾಗಿ ನೋಡಲಿಲ್ಲ.

ಮದುವೆಯ ದಿನ ಇಗರ್ಜಿಯಲ್ಲಿ ಎಲ್ಲ ಚೆನ್ನಾಗಿಯೇ ಆಯಿತು. ಊಟದ ಚಪ್ಪರದಲ್ಲಿ ಅತ್ತೆ ನನ್ನ ಕೈಹಿಡಿದು ತಮ್ಮ ಕಡೆಯ ಹೆಂಗಸರಿಗೆ ಉಂಗುರ ತೋರಿಸಲು ಹೋದರು. ಬೆಳಕಿಗೆ ಎತ್ತಿ ಹಿಡಿದವರು ಹುಬ್ಬು ಗಂಟು ಹಾಕಿದರು.

"ಇದೆಂತ, ಹಂಡೆಯ ಬಣ್ಣ? ಇಡೀ ಸರ ಹಾಕಿದ್ದಲ್ವಾ? ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಅಂತ ಸುಮ್ಮನೆ ಹೇಳ್ತಾರಾ?"

ಎಲ್ಲರೂ ನಕ್ಕರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆಯ ಹಿಂದೆ ನಿಂತಿದ್ದ ಅಮ್ಮ ಕಂಡರು. ಅವರ ಪಕ್ಕದಲ್ಲಿ ನನ್ನ ತಂಗಿ, ಕಿವಿಯಲ್ಲಿ ಹೊಸ ಬೆಂಡೋಲೆ. ಉಳಿದ ಚಿನ್ನದಲ್ಲಿ ಅಮ್ಮ ಅದನ್ನು ಆಚಾರ್ರ ಕೈಯಲ್ಲೇ ಮಾಡಿಸಿದ್ದರು. ತಂಗಿಯ ಕಿವಿ ಎಷ್ಟೋ ವರ್ಷದಿಂದ ಬರಿದಾಗಿತ್ತು, ಅದು ದೊಡ್ಡ ಅಪರಾಧವೇನೂ ಅಲ್ಲ. ಆದರೆ ಕಾನೂನಿನ ಮಾತು ತೆಗೆದರೆ ಉಳಿದ ಚಿನ್ನ ಎಲ್ಲಿ ಎಂಬ ಮಾತು ಬರುತ್ತಿತ್ತು. ಇಡೀ ಸರ ಎಂದು ಮಾತು ಕೊಟ್ಟಿದ್ದ ಅಮ್ಮ ಎಲ್ಲರ ಎದುರು ತಲೆ ತಗ್ಗಿಸಬೇಕಾಗುತ್ತಿತ್ತು. ನಾನು ಇವರ ಮುಖ ನೋಡಿದೆ. ಇವರು ತಗ್ಗಿದ ದನಿಯಲ್ಲಿ, "ಆಮೇಲೆ ಹೇಳುವ," ಎಂದರು.

ಊರಿಗೆಲ್ಲ ಜೋರಾಗಿದ್ದ ನನ್ನ ಬಾಯಿ, ಬೇಕಾದ ದಿನ ಮುಚ್ಚಿಕೊಂಡಿತು.

ಆಮೇಲೆ ಎನ್ನುವುದು ಬರಲೇ ಇಲ್ಲ. ಅತ್ತೆಯದು ನಡೆಯುವ ಮಾತು. ಭಾನುವಾರ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ಸೊಸೆಯ ಉಂಗುರದ ಕಥೆಯನ್ನು ರಸವತ್ತಾಗಿ ಹೇಳುತ್ತಿದ್ದರು. ಗಾಳಿಮಾತಿಗೆ ಬಸ್ಸು ಬೇಡ, ಅದು ಬೆಳ್ತಂಗಡಿಯಿಂದ ಮೂಡಬಿದಿರೆಗೆ ನಮಗಿಂತ ಮೊದಲೇ ತಲುಪಿತ್ತು. ಕಾನೂನಿನಿಂದ ಮೊದಲೇ ಕೆಲಸ ಕಡಿಮೆಯಾಗಿದ್ದ ಜಗಲಿಗೆ, ನಮ್ಮ ಜನ ಹೋಗುವುದೂ ನಿಂತಿತು.

ಮಳೆಗಾಲ ಕಳೆದು ತವರಿಗೆ ಬಂದವಳು ಪೇಟೆಯಲ್ಲಿ ಆ ಜಗಲಿಯ ಮುಂದೆ ಹಾದುಹೋದೆ. ಕುಲುಮೆಯಲ್ಲಿ ಬೆಂಕಿ ಇರಲಿಲ್ಲ. ಆಚಾರ್ರು ಕಂಬಕ್ಕೆ ಒರಗಿ ಕುಳಿತಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

"ಬಾಯಮ್ಮ, ನಿಮ್ಮ ಅತ್ತೆಗೆ ಹೇಳಿದ್ರಾ?"

"ಹೇಳಿದೆ ಆಚಾರ್ರೇ. ಅವರಿಗೆ ಅರ್ಥ ಆಯ್ತು."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ಅವರ ಮುಖ ಅರಳಿದ್ದನ್ನು ನೋಡಿ ನನಗೇ ಒಂದು ಪುಣ್ಯದ ಕೆಲಸ ಮಾಡಿದಂತೆ ಅನ್ನಿಸಿತ್ತು. "ಹಾಗಾದ್ರೆ ಸಾಕು," ಎಂದಷ್ಟೇ ಹೇಳಿದರು.

ಚೊಚ್ಚಲ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟ ದಿನ ನೋಡಿದರೆ ಜಗಲಿಗೆ ಹಲಗೆ ಹಾಕಿತ್ತು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಚಾರ್ಮಾಡಿ ಘಾಟಿ ಹತ್ತಿ, ಕಾಫಿ ತೋಟದ ಕೂಲಿಗೆ ಹೋದರು ಎಂದು ಪಕ್ಕದ ಅಂಗಡಿಯವರು ಹೇಳಿದರು. ಊದುಕೊಳವೆ ಹಿಡಿದ ಆ ಬೆರಳುಗಳು ಗುದ್ದಲಿ ಹೇಗೆ ಹಿಡಿದವೋ... ಎರಡು ಮಳೆ ಕಳೆಯುವುದರೊಳಗೆ, ತೋಟದಲ್ಲೇ ಜ್ವರ ಬಂದು ತೀರಿಕೊಂಡರು ಎಂಬ ಸುದ್ದಿ ಬಂತು. ಆ ಕಾನೂನನ್ನು ಮುಂದೆ ಸರ್ಕಾರವೇ ಸಡಿಲ ಮಾಡಿತು.

ಅಮ್ಮ ಹೋದ ಮೇಲೆ, ತಂಗಿಗೂ ಮದುವೆಯಾಗಿ ಮಕ್ಕಳಾದ ಮೇಲೆ, ಒಂದು ಮಧ್ಯಾಹ್ನ ಅತ್ತೆಯೊಟ್ಟಿಗೆ ಹಲಸಿನ ಬೀಜ ಸುಲಿಯುತ್ತಾ ಎಲ್ಲವನ್ನೂ ಹೇಳಿಬಿಟ್ಟೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೀಜವನ್ನು ಕೈಯಲ್ಲೇ ಹಿಡಿದು ಕುಳಿತರು.

"ಅವನು ಇಲ್ಲಿಗೆ ಬಂದಿದ್ದ," ಎಂದರು.

"ಯಾರು?"

"ನಿನ್ನ ಆಚಾರಿ. ನೀನು ಬಾಣಂತನಕ್ಕೆ ಹೋಗಿದ್ದಾಗ. ಸಣ್ಣ ಪೆಟ್ಟಿಗೆ ಹಿಡ್ಕೊಂಡು ಬಂದು, ಕೆಲಸ ಏನಾದ್ರೂ ಉಂಟಾ ಕೇಳಿದ. ಅಂಗಳದಲ್ಲೇ ನಿಲ್ಲಿಸಿ, ಮೊದಲು ನನ್ನ ಸೊಸೆಯ ಚಿನ್ನ ಎಲ್ಲಿ ಹೋಯ್ತು ಹೇಳು ಅಂದೆ. ಕೆಲಸದಾಳುಗಳೆಲ್ಲ ಇದ್ದರು."

"ಅವರು ಎಂತ ಹೇಳಿದ್ರು?"

"ಎಂತದೂ ಇಲ್ಲ. ಬಾಯಮ್ಮ ಇದ್ದಾರಾ ಕೇಳಿದ. ತವರಿಗೆ ಹೋಗಿದ್ದಾಳೆ ಅಂದೆ. ಪೆಟ್ಟಿಗೆ ಎತ್ತಿಕೊಂಡು, ರಸ್ತೆಯಲ್ಲಿ ನಿಂತಿದ್ದ ಹೆಂಡತಿ ಮಕ್ಕಳನ್ನು ಕರ್ಕೊಂಡು ಘಾಟಿಯ ಕಡೆಗೆ ಹೋದ."

ನನ್ನ ಸುಳ್ಳನ್ನು ನಂಬಿಯೇ ಅವರು ಆ ಅಂಗಳಕ್ಕೆ ಕಾಲಿಟ್ಟದ್ದು. ಅಲ್ಲಿ ನಿಂತಾಗ ಎಲ್ಲ ಅರ್ಥವಾಗಿರಬೇಕು, ನಾನು ಹೇಳಿರಲಿಲ್ಲ ಎನ್ನುವುದೂ, ಉಳಿದ ಚಿನ್ನವನ್ನು ಅಮ್ಮ ಮುಚ್ಚಿಟ್ಟದ್ದೂ. ಬೆಂಡೋಲೆ ಮಾಡಿದ್ದು ಅವರೇ ಅಲ್ಲವೇ. ಉಳಿದದ್ದನ್ನು ನಿಮ್ಮ ಬೀಗಿತ್ತಿಯ ಕೈಗೆ ಕೊಟ್ಟಿದ್ದೇನೆ ಎಂದು ಒಂದೇ ಒಂದು ಮಾತು ಹೇಳಿದ್ದರೆ ಅವರು ತಲೆಯೆತ್ತಿ ಹೋಗಬಹುದಿತ್ತು. ನನ್ನ ಬಾಳು ಕೆಡಬಾರದೆಂದು ಅವರು ಆ ಮಾತನ್ನು ನುಂಗಿಕೊಂಡರು. ಅತ್ತೆ ಆ ವಾರ ಪೂಜೆಗೆ ಹೋಗಲಿಲ್ಲ. ಇವರಿಗೆ ಹೇಳಿದಾಗ ಇವರು ಎದ್ದು ಹಿತ್ತಲಿಗೆ ಹೋದರು, ತುಂಬ ಹೊತ್ತು ಒಳಗೆ ಬರಲಿಲ್ಲ.

ಈಗ ಅತ್ತೆಯಿಲ್ಲ, ಇವರೂ ಇಲ್ಲ. ಆಚಾರ್ರ ಮಕ್ಕಳು ಘಾಟಿಯ ಮೇಲೆ ಎಲ್ಲಿದ್ದಾರೋ ತಿಳಿಯದು. ಪ್ರತಿ ವರ್ಷ ಸತ್ತವರ ಹಬ್ಬಕ್ಕೆ ನಮ್ಮ ಇಗರ್ಜಿಯಲ್ಲಿ ಒಂದು ಕ್ರಮ ಉಂಟು. ನಮ್ಮನ್ನು ಬಿಟ್ಟುಹೋದವರ ಹೆಸರನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಪಾದ್ರಿಗಳು ಗಟ್ಟಿಯಾಗಿ ಓದಿ ಪ್ರಾರ್ಥಿಸುತ್ತಾರೆ. ಕಳೆದ ಸಲ ಧೈರ್ಯ ಮಾಡಿ ಆಚಾರ್ರನ್ನೂ ಸೇರಿಸಲು ಕುಳಿತೆ. ಅಪ್ಪ, ಅಮ್ಮ, ಅತ್ತೆ, ಮಾವ, ಇವರು ಎಂದು ಒಂದೊಂದಾಗಿ ಬರೆದೆ. ಆಮೇಲೆ ಪೆನ್ನು ಹಿಡಿದುಕೊಂಡೇ ಇದ್ದೆ. ಹುಟ್ಟಿದಾಗಿನಿಂದ ಅವರನ್ನು ಆಚಾರ್ರೇ ಎಂದು ಕರೆದದ್ದಷ್ಟೇ. ಅವರ ಹೆಸರನ್ನು ನಾನು ಒಂದು ದಿನವೂ ಕೇಳಿರಲಿಲ್ಲ.