ಇಲಿ ಮುಟ್ಟದ ಬೆಕ್ಕು

ನೆನೆಸಿಟ್ಟ ಅವರೆಕಾಳು ಹಿತುಕುತ್ತ ಕೂತಿದ್ದೆ. ಈ ಕೆಲಸಕ್ಕೆ ಕೈ ಹಾಕಿದರೆ ಬೆರಳೆಲ್ಲ ಲೋಳೆ, ಸಿಪ್ಪೆಯೆಲ್ಲ ಸೀರೆಗೆ. ಫೋನು ಬಡಿದುಕೊಳ್ಳುವುದೂ ಅಂಥ ಹೊತ್ತಿನಲ್ಲೇ. ಕಿರುಬೆರಳಲ್ಲಿ ಒತ್ತಿ ಸ್ಪೀಕರಿಗೆ ಹಾಕಿದೆ. ಮೂಗೂರಿಗೆ ಕೊಟ್ಟ ನನ್ನ ತಂಗಿ ಪುಟ್ಟಿ.

"ಅಕ್ಕ, ಸಂತೋಸದ ಇಸ್ಯ ಕನಕ್ಕ. ನಮ್ಮ ಬೆಳ್ಳೀನೂ ನಿಮ್ಮ ಶರಣೆ ತರಾನೇ ಆಗ್ಬುಟ್ಟವಳೆ! ಇಲಿ ಮೂಗಿನ ಮುಂದೇನೇ ಓಯ್ತು, ಸುಮ್ಕೆ ಕೂತಿದ್ಲು. ನಮ್ಮತ್ತೆ ಕೈ ಮುಗುದ್ಬುಟ್ರು."

ಬೆಳ್ಳಿ ಅವರ ಮನೆಯ ಬೆಕ್ಕು. ಶರಣೆ ನಮ್ಮ ಮನೆಯಲ್ಲಿ ಹಿಂದೆ ಇದ್ದ ಬೆಕ್ಕು. ಪುಟ್ಟಿಗೆ ಶರಣೆಯ ಕಥೆ ಅರ್ಧ ಮಾತ್ರ ಗೊತ್ತು. ಇನ್ನರ್ಧ ಹೊಸ್ತಿಲು ದಾಟದಂತೆ ನಮ್ಮತ್ತೆ ನೋಡಿಕೊಂಡಿದ್ದರು. ಅವರು ಲಿಂಗೈಕ್ಯರಾದ ಮೇಲೂ ನಾನು ಬಾಯಿ ಬಿಟ್ಟಿರಲಿಲ್ಲ. ಅವತ್ತು ಫೋನಿನಲ್ಲಿ ಪುಟ್ಟಿಗೆ ಬಿಟ್ಟೆ, ಈಗ ನಿಮ್ಮೆದುರಿಗೂ ಬಿಡುತ್ತೇನೆ.

ನಮ್ಮದು ಲಿಂಗ ಕಟ್ಟಿದ ಮನೆ. ನಂಜನಗೂಡಿನ ಈ ಬೀದಿಯಲ್ಲಿ ಮೊಟ್ಟೆ ಎಂಬ ಮಾತನ್ನೂ ಮೆಲ್ಲಗೆ ಆಡುವವರು ನಾವು. ಇಂಥ ಮನೆ ಸೇರಿದ ಬೆಕ್ಕಿನ ಮರಿಗೆ ಸಿಕ್ಕಿದ್ದು ಹಾಲು ಅನ್ನ, ಮೊಸರನ್ನ, ಹಬ್ಬಕ್ಕೊಂದು ಚೂರು ಒಬ್ಬಟ್ಟು. ಹೊರಗೆ ಬಿಟ್ಟರೆ ನಾಯಿ ಹಿಡಿದೀತೆಂದು ಒಳಗೇ ಸಾಕಿದೆವು. ಅತ್ತೆ ಪೂಜೆಗೆ ಕೂತರೆ ಅದೂ ಪಕ್ಕದಲ್ಲೇ ಕೂರುತ್ತಿತ್ತು. ನಡುಹಗಲಲ್ಲೂ ಅದರ ಕಣ್ಣಪಾಪೆ ಅಗಲವಾಗಿಯೇ ಇರುತ್ತಿತ್ತು. ಧ್ಯಾನದ ಕಣ್ಣು ಎಂದರು ಅತ್ತೆ. ಸೋಮವಾರ ಅದರ ಹಣೆಗೂ ವಿಭೂತಿ.

ಒಂದು ದಿನ ಅಕ್ಕಿ ಮೂಟೆಯಿಂದ ಇಳಿದ ಇಲಿ ಅದರ ಮುಂದೆಯೇ ನಡೆದು ಹೋಯಿತು. ಬೆಕ್ಕು ಮಿಸುಕಲಿಲ್ಲ. ಅತ್ತೆ ಗಲ್ಲ ಗಲ್ಲ ಬಡಿದುಕೊಂಡರು. "ನೋಡವ್ವ, ನಮ್ಮನೆ ಅನ್ನ ತಿಂದು ಕೊಲ್ಲೋದ್ನೇ ಬುಟ್ಬುಡ್ತು!" ಅವತ್ತಿನಿಂದ ಅದು ಶರಣೆ. ಬೀದಿಯವರೆಲ್ಲ ನೋಡಲು ಬಂದರು. ನಾನೂ ಕಾಫಿ ಕೊಟ್ಟು, ಕಥೆಗೊಂದಿಷ್ಟು ಒಗ್ಗರಣೆ ಸೇರಿಸಿಯೇ ಹೇಳಿದೆ.

ತಮಾಷೆ ಕೇಳಿ. ಅದೇ ತಿಂಗಳು ಎದುರು ಮನೆಯ ನಾಯಿಗೆ ಕಿವಿ ತುಂಬ ಉಣ್ಣೆಹುಳು ಕಚ್ಚಿಕೊಂಡು, ಜ್ವರ ಬಂದು, ಒಸಡು ಬಿಳಚಿಕೊಂಡು ಮಲಗಿತ್ತು. ಅವರು ದೃಷ್ಟಿ ತೆಗೆದು ಮೆಣಸಿನಕಾಯಿ ಸುಡುತ್ತಿದ್ದರು. "ಉಣ್ಣೆ ಜ್ವರಕ್ಕೆ ಮೆಣಸಿನಕಾಯಿ ಏನ್ರೀ ಮಾಡ್ತದೆ? ಮೊದ್ಲು ಡಾಕ್ಟ್ರಿಗೆ ತೋರ್ಸಿ" ಎಂದು ಬುದ್ಧಿ ಹೇಳಿ ಬಂದವಳು ನಾನೇ. ನಾಯಿ ಚುಚ್ಚುಮದ್ದಿಗೆ ಎದ್ದು ಕೂತಿತು, ನಾನು ಜಂಬದಲ್ಲಿ ಬೀಗಿದೆ. ಇತ್ತ ನಮ್ಮ ಮನೆಯಲ್ಲೇ ಶರಣೆ ಕಿಟಕಿಗೆ ನೆಗೆಯಲು ಹೋಗಿ ಗೋಡೆಗೆ ಬಡಿದುಕೊಳ್ಳುತ್ತಿತ್ತು. ಅದು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ಕೊನೆಗೆ ನಾಲ್ಕು ಹೆಜ್ಜೆ ನಡೆದರೆ ಬಾಯಿ ತೆರೆದು ಏದುಸಿರು ಬಿಡತೊಡಗಿತು. ಬಾಳೆಹಣ್ಣಿನ ಬುಟ್ಟಿಯಲ್ಲಿಟ್ಟು, ಬಟ್ಟೆ ಮುಚ್ಚಿ ಪಶು ಆಸ್ಪತ್ರೆಗೆ ಒಯ್ದೆ. ಹಸುಗಳ ಸಾಲಿನಲ್ಲಿ ಬುಟ್ಟಿ ಹಿಡಿದು ನಿಂತವಳು ನಾನೊಬ್ಬಳೇ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಎದೆಗೆ ಕೊಳವೆ ಹಿಡಿದು ಕೇಳಿದರು.

"ಊಟಕ್ಕೆ ಏನ್ ಹಾಕ್ತೀರಮ್ಮ?"

"ಹಾಲನ್ನ. ಇಲೀನೂ ಮುಟ್ಟಲ್ಲ ಮೇಡಂ," ಎಂದೆ, ಹೆಮ್ಮೆಯಿಂದ.

"ಮುಟ್ಟಲ್ಲ ಅಲ್ಲಮ್ಮ, ಅದಕ್ಕೆ ಕಾಣಲ್ಲ. ವಾಸನೆ ಸಿಕ್ಕಿದ್ರೂ ಎದ್ದು ಹೋಗೋ ತ್ರಾಣ ಇಲ್ಲ. ನಾಯಿ ಹೆಂಗೋ ಅನ್ನದಲ್ಲಿ ನಿಭಾಯಿಸ್ಕೊಳ್ತದೆ. ಬೆಕ್ಕಿಗೆ ಆಗಲ್ಲ. ಮಾಂಸದಲ್ಲಿರೋ ಸತ್ವ ಸಿಗದಿದ್ರೆ ಕಣ್ಣು ಹೋಗ್ತದೆ, ಹೃದಯ ಸೊರಗ್ತದೆ. ಕಣ್ಣು ವಾಪಸ್ ಬರಲ್ಲ. ಜೀವ ಉಳಿಸ್ಬಹುದು." ಔಷಧಿ ಬರೆದುಕೊಟ್ಟು, ಮೀನೋ ಕೋಳಿಯೋ ಬೇಯಿಸಿ ಮುಳ್ಳು, ಮೂಳೆ ತೆಗೆದು ಹಾಕಬೇಕು, ಉಪ್ಪು, ಖಾರ, ಈರುಳ್ಳಿ ಸೋಕಿಸಬಾರದು ಎಂದರು.

ಮನೆಗೆ ಬಂದು ಹೇಳಿದೆ. ಅತ್ತೆ ಕೈಲಿದ್ದ ಜಪಸರ ಕೆಳಗಿಟ್ಟರು. "ಲಿಂಗ ಪೂಜೆ ಮಾಡೋ ಕೈಲಿ ಮೀನು ಮುಟ್ಟೀಯಾ?"

"ತೊಳ್ಕತೀನಿ ಅತ್ತೆ."

"ಸಿವ ಮೆಚ್ಚಾನೇ?"

"ಅದ್ರ ಹೊಟ್ಟೆ ಮಾಡ್ದೋನೂ ಅವನೇ ಅಲ್ವಾ? ಹಾಲನ್ನ ಸಾಕು ಅಂತಿದ್ರೆ ಅಂಥ ಹಲ್ಲು ಯಾಕ್ ಕೊಡ್ತಿದ್ದ?"

ಮದುವೆಯಾದ ಮೇಲೆ ಅತ್ತೆಗೆ ಎದುರು ಮಾತಾಡಿದ್ದು ಅದೇ ಮೊದಲು. ನಮ್ಮ ಮನೆಯವರು ಪೇಪರನ್ನು ಮುಖದ ಮುಂದೆ ಇನ್ನಷ್ಟು ಎತ್ತರಕ್ಕೆ ಹಿಡಿದರು. ಅವರಿಂದ ಸಿಕ್ಕ ಸಹಾಯ ಅಷ್ಟೇ.

ಮೀನಂಗಡಿಗೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೋದೆ. ಯಾವ ಮೀನು ಬೇಕವ್ವ ಎಂದಳು ಮಾರುವವಳು. ಬೆಕ್ಕಿನ ಮೀನು ಕೊಡಿ ಅಂದೆ.

"ಬೆಕ್ಕಿಗಾ? ಮೊದ್ಲು ಎಲ್ರೂ ಅಂಗೇ ಏಳೋದು ಕಣವ್ವ. ಆಮೇಕೆ ಮಸಾಲೆ ಎಷ್ಟ್ ಆಕ್ಬೇಕು ಅಂತ ಕೇಳ್ತಾರೆ!"

ಸುತ್ತ ನಿಂತವರು ನಕ್ಕರು. ಸೆರಗು ಕೆಳಗಿಳಿಸಿದೆ. ಇಷ್ಟು ಜನ ನೋಡಿದ ಮೇಲೆ ಮುಚ್ಚುವುದೇನು? ನಾಳೆಯೂ ಬರುತ್ತೇನೆ, ಎತ್ತಿಟ್ಟಿರಿ ಎಂದು ಗಟ್ಟಿಯಾಗಿಯೇ ಹೇಳಿದೆ.

ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ ಬೇಯಿಸಿದೆ. ಮೊದಲ ದಿನ ವಾಂತಿ ನನಗೇ ಬಂತು, ಬೆಕ್ಕಿಗಲ್ಲ. ಅದು ಬಟ್ಟಲನ್ನು ನೆಕ್ಕಿ ನೆಕ್ಕಿ ತುಳಸಿ ಕಟ್ಟೆಯವರೆಗೂ ತಳ್ಳಿಕೊಂಡು ಹೋಯಿತು. ಹಸಿವು ಅಂದರೆ ಏನು ಎಂದು ಅವತ್ತು ಕಂಡೆ. ತಟ್ಟೆ ತುಂಬ ಅನ್ನ ಹಾಕಿ, ವಿಭೂತಿ ಹಚ್ಚಿ, ವರ್ಷಾನುಗಟ್ಟಲೆ ನಾವು ಅದನ್ನು ಉಪವಾಸ ಕೆಡವಿದ್ದೆವು.

ಅತ್ತೆ ಒಂದೇ ಷರತ್ತು ಹಾಕಿದರು: ನೆಂಟರ ಕಿವಿಗೆ ಬೀಳಕೂಡದು. ಆ ಪಾತ್ರೆಯನ್ನು ಅವರು ಒಮ್ಮೆಯೂ ಮುಟ್ಟಲಿಲ್ಲ. ಆದರೆ ನಾನು ಬಟ್ಟೆ ಒಗೆಯುತ್ತ ಮೈಮರೆತರೆ ಒಳಗಿನಿಂದ ಕೂಗುತ್ತಿದ್ದರು: "ಲೇ ಇವಳೇ, ನಿನ್ ಪಾಪದ ಗಡಿಗೆ ಉಕ್ತಾ ಅದೆ, ನೋಡೋಗು!"

ಶರಣೆಯ ಏದುಸಿರು ಇಳಿಯಿತು. ಕಣ್ಣು ಬರಲಿಲ್ಲ. ಗೋಡೆ ಸವರಿಕೊಂಡು ಮನೆಯೆಲ್ಲ ಓಡಾಡುತ್ತ, ಬಿಸಿಲು ಬಿದ್ದ ಕಡೆಯನ್ನು ತಪ್ಪದೆ ಹುಡುಕಿ ಮಲಗುತ್ತ, ಇನ್ನೂ ಹಲವು ವರ್ಷ ಬಾಳಿತು. ಶಿವನ ದಯೆಯಲ್ಲಿ ನನ್ನ ಪಾಲಿಗೆ ಬಂದದ್ದು ಅಷ್ಟು, ಅದನ್ನು ಕಣ್ಣಿಗೊತ್ತಿಕೊಂಡೆ.

ಇಷ್ಟನ್ನೂ ಫೋನಿನಲ್ಲಿ ಪುಟ್ಟಿಗೆ ಹೇಳಿ ಮುಗಿಸಿದೆ.

"ಒಂಚೂರು ಹತ್ತಿ ತಗೊಂಡು ಅದ್ರ ಕಣ್ಮುಂದೆ ಮೇಲಿಂದ ಬುಡು," ಅಂದೆ. "ಸದ್ದಾಗ್ಬಾರ್ದು. ನೋಡ್ತದಾ?"

"ತಾಳು... ಬುಟ್ಟೆ... ಇಲ್ಲ. ಇನ್ನೊಂದ್ಸಲ... ಅಕ್ಕ, ತಲೆ ತಿರುಗ್ಸಿದ್ಲು! ಈ ಕಡೆಯಿಂದ ಬುಟ್ರೆ ನೋಡ್ತಾಳೆ ಕನಕ್ಕ!"

ಕಣ್ಣು ಮುಚ್ಚಿ ನಂಜುಂಡೇಶ್ವರನನ್ನು ನೆನೆದೆ. ಬೆಳ್ಳಿಗೆ ಇನ್ನೂ ಒಂಚೂರು ಕಾಣುತ್ತಿದೆ, ಹೊತ್ತು ಮೀರಿಲ್ಲ.

"ನಾಳೆ ಬೆಳಿಗ್ಗೇನೇ ಡಾಕ್ಟ್ರ ತಾವ ಕರ್ಕೊಂಡೋಗು."

"ಮೀನು ಅಂದ್ರೆ ನಮ್ಮತ್ತೆ ನನ್ನೂ ಬೆಕ್ಕನ್ನೂ ಒಟ್ಟಿಗೆ ಈಚೆಗಾಕ್ತಾರೆ!"

"ಅವ್ರಿಗೆ ಫೋನ್ ಕೊಡು."

ಕೊಟ್ಟಳು. ನಾನು ಎಲ್ಲ ಹೇಳಿದೆ. ಆಯಮ್ಮ ಕೇಳಿಸಿಕೊಂಡು, "ನಮ್ಮನೇಲಿ ಅಂಥದ್ದು ಆಗಾಕಿಲ್ಲ ಕಣವ್ವ," ಎಂದರು.

"ನೀವು ಮುಟ್ಬೇಡಿ. ಪಾತ್ರೆ, ಮೀನು ಎಲ್ಲ ನಾನೇ ತತ್ತೀನಿ. ಹಿತ್ತಿಲಲ್ಲಿ ಮೂರು ಕಲ್ಲಿಗೆ ಜಾಗ ಕೊಡಿ, ಸಾಕು."

"ಬಸ್ಸಲ್ಲಿ ಮೀನು ಇಡ್ಕೊಂಡು ಬತ್ತೀಯಾ? ನಾಚ್ಕೆ ಇಲ್ವಾ ನಿಂಗೆ?"

"ಇತ್ತು ಕಣಮ್ಮ. ಬೆಕ್ಕು ತಿಂದ್ಕಬುಡ್ತು."

ಫೋನಿಟ್ಟು, ಕೈ ತೊಳೆದು, ಶರಣೆಯ ಆ ಹಳೆಯ ಪಾತ್ರೆಯನ್ನು ನಾಳೆಯ ಬಸ್ಸಿಗೆಂದು ಚೀಲಕ್ಕೆ ಹಾಕಿ, ರಾತ್ರಿಯ ಮುದ್ದೆಗೆ ಎಸರಿಟ್ಟೆ.