ಕಣ್ಣೀರಿಗಿಂತ ಉಪ್ಪಾಗಬಾರದು

ಇಳಕಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಗೃಹವಿಜ್ಞಾನ ತೆಗೆದುಕೊಂಡದ್ದು ಸುಲಭವಾಗಿ ಪಾಸಾಗುವ ಆಸೆಯಿಂದ. ಅಡುಗೆ, ಹೊಲಿಗೆ, ಮನೆ ಅಚ್ಚುಕಟ್ಟು, ಇಷ್ಟೇ ಇರುತ್ತದೆ ಎಂದು ಗೆಳತಿಯರು ನಂಬಿಸಿದ್ದರು. ಪುಸ್ತಕದ ಅರ್ಧ ಭಾಗ ರೋಗಿಗಳ ಆರೈಕೆ, ಕೂಸುಗಳ ಆರೈಕೆ ಎಂದು ಯಾರೂ ಬಾಯಿ ಬಿಟ್ಟಿರಲಿಲ್ಲ. ನಾನು ಹುಟ್ಟಾ ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ಅಂಥವಳ ಕೈಗೆ ಗಾಯಕ್ಕೆ ಪಟ್ಟಿ ಕಟ್ಟುವುದು, ಜ್ವರ ನೋಡುವುದು, ಸುಟ್ಟ ಮೈಗೆ ಏನು ಮಾಡಬೇಕು ಎನ್ನುವುದೆಲ್ಲ ಬಂದು ಬಿತ್ತು. ಇದು ಎಂಬತ್ತರ ದಶಕದ ಶುರುವಿನ ಮಾತು.

ಗೃಹವಿಜ್ಞಾನ ಕಲಿಸುವ ಅಕ್ಕೋರು, ಅಂದರೆ ನಮ್ಮ ಟೀಚರು, ಕಟ್ಟುನಿಟ್ಟಿನ ಹೆಂಗಸು. ಸಾಲಿ ಶುರುವಾದ ಕೂಡಲೇ ಅವರು ಪುಸ್ತಕದ ಮೊದಲ ಪಾಠ ಬಿಟ್ಟು ಸೀದಾ ವಾಂತಿಭೇದಿಯ ಪಾಠಕ್ಕೆ ಬಂದರು. ಮುಂಗಾರಿನ ಮಿರಗದ ಮಳೆಗೆ ಬಾವಿಗಳಿಗೆ ಹೊಸ ನೀರು ಬಂದು, ಊರಲ್ಲಿ ಕೂಸುಗಳು ಕಾಯಿಲೆ ಬೀಳುವ ಕಾಲ ಅದು. ಉಪ್ಪು, ಸಕ್ಕರೆ ಹಾಕಿದ ನೀರು ಮಾಡಿ ತೋರಿಸಬೇಕು, ನೀರನ್ನು ಮನೆಯಲ್ಲೇ ಕುದಿಸಿ ಆರಿಸಿ ತರಬೇಕು ಎಂದು ಹೇಳಿದರು. ನಾನೂ ತಂದೆ. ಮೂರು ಬೆರಳಿನ ಚಿಟಿಕೆ ಉಪ್ಪು, ಹಿಡಿ ಸಕ್ಕರೆ, ಎಲ್ಲ ಪುಸ್ತಕದಂತೆಯೇ ಹಾಕಿದೆ. ಅಕ್ಕೋರು ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು ಕಿಟಕಿಯಾಚೆ ಉಗುಳಿದರು.

"ಯಾವ ನೀರು ತಂದಿ?"

"ಮನಿ ಬಾವೀದ್ರೀ. ಸವಳು."

"ಸವಳು ನೀರಿಗೆ ಮತ್ತ ಚಿಟಿಕಿ ಉಪ್ಪ ಹಾಕಿದೇನು? ಇದನ್ನ ಕುಡಿಸಿದ್ರ ಕೂಸು ಬದುಕೂದಿಲ್ಲ ನೋಡು."

ಹುಡುಗಿಯರು ನಕ್ಕರು. ಅಕ್ಕೋರು ನಗಲಿಲ್ಲ. "ನೀರಾಗ ಮೊದ್ಲ ಉಪ್ಪಿದ್ರ ಪುಸ್ತಕದ ಚಿಟಿಕಿ ನಡಿಯೂದಿಲ್ಲ. ನಿಮ್ಮ ನಾಲಿಗಿ ನಂಬ್ರಿ. ಕಣ್ಣೀರಿಗಿಂತ ಉಪ್ಪಾಗಬಾರದು, ಅಷ್ಟ ನೆನಪಿಡ್ರಿ" ಎಂದರು. ಆಮೇಲೆ ಇನ್ನೊಂದು ಮಾತನ್ನೂ ಹೇಳಿದರು: ಕೂಸು ಅಳುತ್ತಿದ್ದು ಕಣ್ಣಲ್ಲಿ ನೀರು ಬರದಿದ್ದರೆ ಮೈಯೊಳಗಿನ ನೀರೆಲ್ಲ ಬತ್ತಿದೆ ಎಂದರ್ಥ, ಆಗ ಸುಮ್ಮನೆ ಕೂಡಬಾರದು. ಉಳಿದವರು ಅದನ್ನು ಪರೀಕ್ಷೆಗೆ ಬರೆದುಕೊಂಡರು. ನನ್ನ ಕಿವಿಯಲ್ಲಿ ಮಾತ್ರ ಕೂಸು ಬದುಕೂದಿಲ್ಲ ಎಂಬ ಮಾತೇ ಉಳಿಯಿತು.

ಯಾಕೆಂದರೆ ಆಗ ನಮ್ಮ ಮನೆಯಲ್ಲೊಂದು ಕೂಸಿತ್ತು. ಬಾಣಂತನಕ್ಕೆಂದು ತವರಿಗೆ ಬಂದಿದ್ದ ಅಕ್ಕನ ಎರಡನೆಯದು. ಆಗಷ್ಟೇ ಅಂಬೆಗಾಲಿಡುತ್ತ, ಅವ್ವ ಮಗ್ಗಕ್ಕೆಂದು ನೂಲು ಸುತ್ತಿಟ್ಟ ಕಂಡಿಕೆಗಳನ್ನೆಲ್ಲ ಚೆಲ್ಲಾಪಿಲ್ಲಿ ಮಾಡುತ್ತಿತ್ತು. ಮೊದಲನೆಯದು ಇದೇ ಮನೆಯಲ್ಲಿ ವಾಂತಿಭೇದಿಯಾಗಿ ಹೋಗಿತ್ತು. ಕೊನೆಗೆ ಅದರ ಒಣಗಿದ ತುಟಿ ನೋಡಲಾರದೆ ಅಕ್ಕ ಒಂದು ಗುಟುಕು ನೀರು ಹಾಕಿದ್ದಳು, ಸ್ವಲ್ಪ ಹೊತ್ತಿಗೆ ಅದು ಕಣ್ಣು ಮುಚ್ಚಿತು. ನೀರು ಕುಡಿಸಿದ್ದಕ್ಕೇ ಹೋಯಿತು ಎಂದು ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ನಿರ್ಧರಿಸಿಬಿಟ್ಟಳು. ಹಳೆಯ ಕಾಲದವರ ಕಟ್ಟಳೆಯೇ ಹಾಗಿತ್ತು. ಹೊಟ್ಟೆ ನಿಲ್ಲುವ ತನಕ ಕೂಸಿಗೆ ನೀರೂ ಇಲ್ಲ, ಮೊಲೆಯೂ ಇಲ್ಲ. ಅಕ್ಕನ ಅತ್ತೆಯ ಮನೆ ಹುನಗುಂದದಲ್ಲಿ. ಅಲ್ಲಿಯವರೂ ಅದನ್ನೇ ನಂಬಿದರು, ಅಕ್ಕನೂ ನಂಬಿದಳು. ಆಮೇಲೆ ಅವಳು ಜೋರಾಗಿ ನಕ್ಕದ್ದನ್ನು ನಾನು ನೋಡಲಿಲ್ಲ.

ಪಾಠವಾಗಿ ಕೆಲವೇ ದಿನಕ್ಕೆ ಈ ಕೂಸಿಗೂ ಹೊಟ್ಟೆ ಬಿಟ್ಟುಕೊಂಡಿತು. ಊರಿನ ಡಾಕ್ಟರು ಕೊಟ್ಟ ಔಷಧ ವಾಂತಿಯಲ್ಲಿ ಹೊರಬಿತ್ತು. ಅಪ್ಪ ನೂಲು ತರಲು ಬಾಗಲಕೋಟೆಗೆ ಹೋಗಿದ್ದ, ಸಂಜೆಯ ಬಸ್ಸಿಗೆ ಬರುವವನು. ಅವನು ಬಂದ ಮೇಲೆ ದೊಡ್ಡ ದವಾಖಾನೆಗೆ ಒಯ್ದರಾಯಿತು ಎಂದು ಆಯಿ ಹೇಳಿದಳು. ಗಂಡಸರಿಲ್ಲದೆ ಹೊರಡುವುದು ನಮ್ಮ ಮನೆಯಲ್ಲಿ ಯಾರ ತಲೆಗೂ ಬರಲಿಲ್ಲ. ನಾನು ಸಾಲಿಯಿಂದ ಬಂದಾಗ ಮಗ್ಗ ನಿಂತಿತ್ತು. ಆ ಸಪ್ಪಳ ಇಲ್ಲದ ಮನೆ ನನಗೆ ಗುರುತೇ ಸಿಗಲಿಲ್ಲ. ಆಯಿ ಕೂಸಿನ ಸುತ್ತ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದು, ಒಲೆಗೆ ಹಾಕಿ, ಪಡಸಾಲೆಯಲ್ಲಿ ನೀರಿನ ಕೊಡದ ಪಕ್ಕದಲ್ಲೇ ಕಾವಲು ಕೂತಿದ್ದಳು.

ಕೂಸು ಅಕ್ಕನ ತೊಡೆಯ ಮೇಲೆ ಕುಂಯ್ ಕುಂಯ್ ಎಂದು ಅಳುತ್ತಿತ್ತು. ನಾನು ಬಗ್ಗಿ ಅದರ ಮುಖ ನೋಡಿದೆ. ಬಾಯಿ ಅಳುತ್ತಿತ್ತು, ಕಣ್ಣು ಒಣಗಿತ್ತು.

"ಆಯಿ, ಇದಕ್ಕ ನೀರು ಕುಡಿಸಬೇಕಂತ. ಅಕ್ಕೋರು ಹೇಳ್ಯಾರ."

"ನಿಮ್ಮ ಅಕ್ಕೋರು ಎಷ್ಟು ಹಡದಾಳ?" ಆಯಿ ತಿರುಗಿ ನೋಡಲಿಲ್ಲ. "ಒಂದು ಹೋಗಿದ್ದು ಸಾಲಲಿಲ್ಲೇನು ನಿನಗ?"

ಅವ್ವ ಸುಮ್ಮನಿರು ಎಂದು ಕಣ್ಸನ್ನೆ ಮಾಡಿದಳು. ಸುಮ್ಮನಿರಬಹುದಿತ್ತು. ನಾನು ಏನೂ ಮಾಡದಿದ್ದರೆ, ಕೂಸಿಗೆ ಏನಾದರೂ ಆದರೆ, ಯಾರೂ ನನ್ನನ್ನು ಬಯ್ಯುತ್ತಿರಲಿಲ್ಲ. ಕುಡಿಸಿ, ಅದು ಹೋದರೆ, ಜೀವ ಇರುವ ತನಕ ಅಕ್ಕನ ಮುಖ ನೋಡುವ ಹಾಗಿರಲಿಲ್ಲ. ಭಯ ಎಂದರೆ ಏನೆಂದು ನನಗೆ ಗೊತ್ತಾದದ್ದು ಅವತ್ತೇ, ಹಲ್ಲಿಯದೆಲ್ಲ ಬರೀ ಆಟ.

ನೀರು ಬೇಕಲ್ಲ! ನಳದ ಸಿಹಿ ನೀರಿದ್ದದ್ದು ಆಯಿ ಕಾಯುತ್ತಿದ್ದ ಕೊಡದಲ್ಲಿ. ಬೆಳಿಗ್ಗೆ ಅನ್ನಕ್ಕೆಂದು ಕಾಯಿಸಿ ಉಳಿದ ಸವಳು ನೀರು ಅಡುಗೆ ಮನೆಯಲ್ಲಿ ಆರಿ ತಣ್ಣಗಾಗಿತ್ತು. ಅದನ್ನೇ ಮತ್ತೆ ಒಲೆಗಿಟ್ಟು ಕುದಿಸಿ, ತಾಟಿನಲ್ಲಿ ಸುರಿದು ಆರಿಸಿ, ತಂಬಿಗೆಗೆ ಹಾಕಿಕೊಂಡೆ. ಸಕ್ಕರೆ ಹಾಕಿದೆ. ಹರಳುಪ್ಪಿನ ಗಡಿಗೆಗೆ ಕೈ ಹಾಕಿದವಳು ಹಾಗೇ ನಿಂತೆ. ಎಷ್ಟು? ಪುಸ್ತಕದ ಚಿಟಿಕೆ ನಡೆಯುವುದಿಲ್ಲ ಎಂದು ಅಕ್ಕೋರು ಹೇಳಿದ್ದರು, ಎಷ್ಟು ನಡೆಯುತ್ತದೆ ಎಂದು ಹೇಳಿರಲಿಲ್ಲ. ಅವರ ಮೇಲೂ ಸಿಟ್ಟು ಬಂತು. ಒಂದೇ ಒಂದು ಸಣ್ಣ ಹರಳು ಹಾಕಿ ಕಲಸಿ ರುಚಿ ನೋಡಿದೆ. ಹೆದರಿಕೆಗೆ ನಾಲಿಗೆಯೇ ಮರಗಟ್ಟಿತ್ತು. ಉಪ್ಪೋ ಸಪ್ಪೆಯೋ ಒಂದೂ ತಿಳಿಯಲಿಲ್ಲ.

ಆಯಿ ದೇವರ ಮುಂದೆ ದೀಪ ಹಚ್ಚಲು ಎದ್ದಳು. ತಂಬಿಗೆಯನ್ನು ದಾವಣಿಯ ಸೆರಗಿನಲ್ಲಿ ಮುಚ್ಚಿಕೊಂಡು ನಾನು ಅಕ್ಕನ ಬಳಿ ಬಂದೆ. ಅವಳ ಗಲ್ಲದ ಮೇಲೆ ಕಣ್ಣೀರು ಇಳಿಯುತ್ತಿತ್ತು. ಬೆರಳಿನಿಂದ ಅದನ್ನು ಒರೆಸಿ ನಾಲಿಗೆಗೆ ಹಚ್ಚಿಕೊಂಡೆ. ಆಮೇಲೆ ತಂಬಿಗೆಯದು. ಮತ್ತೊಮ್ಮೆ ಅವಳದು.

"ಹುಚ್ಚಿ, ಏನ್ ಮಾಡಾಕತ್ತಿ?"

"ಇದು ನಿನ್ನ ಕಣ್ಣೀರಿಗಿಂತ ಸಪ್ಪಗೈತಿ ಅಕ್ಕಾ. ಕುಡಿಸಬಹುದು. ಸಾಯೂದಿಲ್ಲ."

ಅಕ್ಕ ತಂಬಿಗೆ ನೋಡಿದಳು. ಅವಳಿಗೆ ಕಾಣುತ್ತಿದ್ದದ್ದು ಮೊದಲ ಕೂಸಿಗೆ ಹಾಕಿದ ಆ ಗುಟುಕು ಎಂದು ನನಗೆ ಗೊತ್ತಿತ್ತು. "ನೀ ಮೊದ್ಲ ಕುಡಿ" ಎಂದಳು. ಕುಡಿದೆ. ಅವಳೂ ಒಂದು ಗುಟುಕು ಕುಡಿದಳು. ಆಮೇಲೆ ಕೂಸಿನ ತಲೆ ಎತ್ತಿ ಹಿಡಿದು ಬಾಯಿಗೆ ಒಂದು ಚಮಚ ನೀರು ಹಾಕಿದಳು.

ಕೂಸು ನುಂಗಿತು. ಮರುಗಳಿಗೆಯೇ ಎಲ್ಲ ಹೊರಗೆ ಬಂತು. ಅಕ್ಕ ಚೀರಿದಳು, ಆಯಿ ಓಡಿ ಬಂದಳು, ತಂಬಿಗೆ ಕಂಡಳು. "ಕೊಂದ್ರಲ್ಲೇ!" ಎಂದು ಎದೆ ಬಡಿದುಕೊಂಡಳು. ನಾನು ಎದ್ದು ಓಡಿಹೋಗುವವಳೇ. ಆದರೆ ವಾಂತಿಯಾದರೆ ತುಸು ಹೊತ್ತು ಬಿಟ್ಟು ಮತ್ತೆ ಹನಿ ಹನಿ ಕೊಡಬೇಕು ಎಂದು ಅಕ್ಕೋರು ಹೇಳಿದ್ದು ಹೇಗೋ ಬಾಯಿಗೆ ಬಂತು. ಅಕ್ಕ ಅದನ್ನು ಕೇಳಿಸಿಕೊಂಡಳು. ಆಯಿಯ ಕೈ ಸರಿಸಿದಳು. ಆ ಮನೆಯಲ್ಲಿ ಆಯಿಯ ಕೈಯನ್ನು ಯಾರಾದರೂ ಸರಿಸಿದ್ದು ನಾನು ಕಂಡಂತೆ ಅದೇ ಮೊದಲು.

"ನಾ ನೋಡಾಂಗಿಲ್ಲ" ಎಂದು ಆಯಿ ಗೋಡೆಯ ಕಡೆ ಮುಖ ಮಾಡಿ ಕೂತಳು.

ಅಕ್ಕ ಹನಿ ಹನಿಯಾಗಿ ಕುಡಿಸುತ್ತಲೇ ಇದ್ದಳು. ಕೂಸು ಅಳುವುದನ್ನೂ ನಿಲ್ಲಿಸಿ ಬಿದ್ದುಕೊಂಡಿತು, ಅದಂತೂ ಇನ್ನೂ ದೊಡ್ಡ ಹೆದರಿಕೆ. ನಾನು ಅದರ ಹೊಟ್ಟೆ ಏಳುವುದು ಇಳಿಯುವುದನ್ನೇ ನೋಡುತ್ತ ಕೂತೆ. ಒಮ್ಮೆ ಏಳುವುದು ತಡವಾದರೆ ನನ್ನ ಉಸಿರೂ ನಿಲ್ಲುತ್ತಿತ್ತು. ತಂಬಿಗೆ ಅರ್ಧವಾಗುವ ಹೊತ್ತಿಗೆ ಅಪ್ಪ ನೂಲಿನ ಗಂಟು ಹೊತ್ತು ಬಂದ. ಅವ್ವ ಹೇಳಿದ್ದನ್ನು ಕೇಳಿದವನೇ ಗಂಟು ಒಗೆದು, ದವಾಖಾನೆಗೆ ನಡೆಯಿರಿ ಎಂದು ಅಕ್ಕನ ತೊಡೆಯಿಂದ ಕೂಸನ್ನು ಎತ್ತಿಕೊಂಡ.

ತಾಯಿಯಿಂದ ಕಿತ್ತುಕೊಂಡದ್ದೇ ತಡ, ಕೂಸು ಮನೆ ಹಾರಿಹೋಗುವಂತೆ ಅತ್ತಿತು. ಆಯಿ ತಿರುಗಿ ನೋಡಿದಳು. ಕೂಸಿನ ಕಣ್ಣಂಚಿನಲ್ಲಿ ಒಂದು ಹನಿ ನಿಂತಿತ್ತು. ನಾನು ಬೆರಳು ಮಾಡಿ ತೋರಿಸಿದೆ.

ಆಯಿ ಎದ್ದು ಬಂದು ಆ ಹನಿಯನ್ನು ಬೆರಳಿನಿಂದ ತೆಗೆದು ನಾಲಿಗೆಗೆ ಹಚ್ಚಿಕೊಂಡಳು. ನಾನು ಅಕ್ಕನ ಕಣ್ಣೀರನ್ನು ನಾಲಿಗೆಗೆ ಹಚ್ಚಿಕೊಂಡದ್ದನ್ನು ದೇವರ ದೀಪದ ಬಳಿಯಿಂದ ಅವಳು ಯಾಕೆಂದು ಅರ್ಥವಾಗದೆ ನೋಡಿದ್ದಳೆಂದು ಆಗ ತಿಳಿಯಿತು. ಅದೇ ಬೆರಳನ್ನು ತಂಬಿಗೆಯಲ್ಲಿ ಅದ್ದಿ ಅದನ್ನೂ ರುಚಿ ನೋಡಿದಳು. ಆಮೇಲೆ ತಂಬಿಗೆಯ ಮೇಲೆ ಒಂದು ತಾಟು ಮುಚ್ಚಿ ನನ್ನ ಕೈಗೆ ಕೊಟ್ಟಳು.

"ಹಾದ್ಯಾಗ ಕುಡಿಸ್ಕೋತ ಹೋಗ್ರಿ" ಎಂದಳು.

ಅಪ್ಪ ಮುಂದೆ, ಅಕ್ಕ ಅವನ ಹಿಂದೆ, ತಂಬಿಗೆ ಹಿಡಿದು ನಾನು. ದಾರಿಯುದ್ದಕ್ಕೂ ತಾಟು ತಂಬಿಗೆಗೆ ಬಡಿದು ಸಪ್ಪಳ ಮಾಡುತ್ತಿತ್ತು.