ಭುಜಂಗರಾಯರು ಹಂಚಿದ ಬಿಸಿಲು

ಇವತ್ತು ಬೆಳಿಗ್ಗೆ ಡೊಂಬಿವಲಿ ಸ್ಟೇಷನ್ನಿನೆದುರು ಒಬ್ಬ ಮೊಬೈಲ್ ಕವರುಗಳ ಪಕ್ಕದಲ್ಲಿ ಅಂಗೈಯಗಲದ ಸೋಲಾರ್ ಚಾರ್ಜರುಗಳನ್ನು ಹರಡಿಕೊಂಡು ಕೂತಿದ್ದ. ನೋಡಿದ್ದೇ ನನಗೆ ನಗು ಬಂತು. ಒಳ್ಳೆಯ ನಗುವಲ್ಲ. ಆ ವಸ್ತುವಿನ ಮೇಲೆ ನನಗೆ ಸಿಟ್ಟಿಲ್ಲ ಸ್ವಾಮಿ, ಬಿಸಿಲಿದ್ದರೆ ಅದು ತನ್ನ ಕೆಲಸ ಮಾಡುತ್ತದೆ. ಹಂಚುವವರ ಬಗ್ಗೆ ಹಾಗೆ ಹೇಳಲಾರೆ.

ಕೆಲವು ವರ್ಷಗಳ ಹಿಂದೆ ಬದಲಾಪುರದಲ್ಲಿ ನದಿ ಉಕ್ಕಿ ತಗ್ಗಿನ ಮನೆಗಳಿಗೆಲ್ಲ ನೀರು ನುಗ್ಗಿತು. ನೀರು ಇಳಿದರೂ ಕರೆಂಟು ಬರಲಿಲ್ಲ. ಆಗ ನಮ್ಮ ಕನ್ನಡ ಬಳಗದ ಅಧ್ಯಕ್ಷ ಭುಜಂಗರಾಯರಿಗೆ ಸೋಲಾರ್ ಚಾರ್ಜರ್ ಹಂಚುವ ಉಮೇದು ಹುಟ್ಟಿತು. ಮಧ್ಯಾಹ್ನವೇ ದೀಪ ಹಾಕಬೇಕಾದಂಥ ಮೋಡ.

"ಏನ್ರೀ, ಮೋಡದ ಹಿಂದೆ ಸೂರ್ಯ ಇಲ್ವೇ?" ಎಂದರು.

ಇದ್ದಾನೆ, ಒಪ್ಪಬೇಕು. ಹಾಗಾದರೆ ಡೊಂಬಿವಲಿಯಲ್ಲೇ ಪ್ಲಗ್ಗಿಗೆ ಹಾಕಿ ಚಾರ್ಜು ತುಂಬಿಸಿಕೊಂಡು ಹೋಗೋಣ ಎಂದೆ. "ಡಬ್ಬಿ ಒಡೆದರೆ ಫೋಟೋದಲ್ಲಿ ಹಳೇ ಮಾಲಿನ ಹಾಗೆ ಕಾಣುತ್ತೆ!" ಎಂದರು ರಾಯರು. ಪ್ರತಿ ಡಬ್ಬಿಯ ಮೇಲೂ ಅವರ ನಗುಮುಖದ ಸ್ಟಿಕರಿತ್ತು, ಸೂರ್ಯನಿಗೆ ಬದಲಿಯಾಗಿ.

ಬದಲಾಪುರದ ಶಾಲೆಯೊಂದರ ಜಗಲಿಯಲ್ಲಿ ಸಮಾರಂಭ. ನಿರೂಪಣೆ ನನ್ನದು, ಬ್ಯಾಟರಿ ಮೈಕಿನಲ್ಲಿ. ನನ್ನ ಕಂಠ ಮೈಕಿಗೆ ಒಗ್ಗುತ್ತದೆಂದು ಯಾರೋ ಒಮ್ಮೆ ಹೊಗಳಿದ್ದೇ ನೆಪ, ಕರೆದಲ್ಲೆಲ್ಲ ಹೋಗಿ ನಿಲ್ಲುತ್ತಿದ್ದೆ. ಇನ್ನೂ ಸ್ವಾಗತ ಮುಗಿದಿರಲಿಲ್ಲ, ಗಿರಿಜಕ್ಕ ಮುಂದೆ ಬಂದರು. ಉಡುಪಿ ಕಡೆಯವರು, ಮನೆಯಲ್ಲೇ ಚಕ್ಕುಲಿ ಮಾಡಿ ಮಾರುತ್ತಾರೆ. ಗಂಡ ದೂರದ ಮಹಾಪೆಯ ಹೊಟೇಲಿನಲ್ಲಿ ಅಡುಗೆಗಿದ್ದಾರೆ. ನೀರೇರಿದ ಸಂಜೆ "ಹೊರಟೆ" ಎಂದು ಫೋನು ಮಾಡಿದ್ದವರು ಬಂದೇ ಇರಲಿಲ್ಲ.

"ಮೊದಲು ನಂಗೊಂದು ಕೊಡಿ ಮಾರಾಯ್ರೆ. ಇವರು ಎಲ್ಲಿದ್ದಾರಂತ ಗೊತ್ತಿಲ್ಲ."

ನನ್ನ ಫೋನು ಚಾಚಿದೆ. "ನಂಬರು ಬಾಯಿಗೆ ಬರುದಿಲ್ಲ. ಎಲ್ಲ ಇದ್ರೊಳಗೇ ಉಂಟು" ಎಂದು ಸತ್ತ ಮೊಬೈಲು ತೋರಿಸಿದರು.

"ಭಾಷಣ ಆಗ್ಲಿ ಅಮ್ಮಾ, ಲೈನಿನಲ್ಲಿ ಬನ್ನಿ" ಎಂದರು ರಾಯರು. ಆಮೇಲೆ ಸೂರ್ಯನ ಔದಾರ್ಯದ ಬಗ್ಗೆ ಮಾತಾಡಿದರು. ತಗಡಿನ ಮೇಲೆ ಮಳೆ ಬಡಿಯುತ್ತಿದ್ದುದರಿಂದ ಅರ್ಧ ಕೇಳಿಸಲಿಲ್ಲ. ಅಷ್ಟಾದರೂ ಪುಣ್ಯ.

ಕೊನೆಗೆ ಗಿರಿಜಕ್ಕನಿಗೇ ಮೊದಲ ಡಬ್ಬಿ. ಫೋಟೋ ಆಗುವ ತನಕ ರಾಯರು ಅದರಿಂದ ಕೈ ಬಿಡಲಿಲ್ಲ. ಗಿರಿಜಕ್ಕ ಅಲ್ಲೇ ಬಿಚ್ಚಿ ವೈರು ಚುಚ್ಚಿದರು. ಮೊಬೈಲು ಕಪ್ಪಗೇ ಇತ್ತು.

"ಇದ್ರಲ್ಲಿ ಜೀವವೇ ಇಲ್ಲ!"

"ಬಿಸಿಲಿಗೆ ಇಡಬೇಕಮ್ಮಾ."

"ಬಿಸಿಲೆಲ್ಲುಂಟು? ಅದನ್ನೂ ತಂದಿದ್ದೀರಾ?"

ಗೇಟಿನ ಬಳಿ ರಾಯರ ಕಾರು ನಿಂತಿತ್ತು. ಅವರು ಹತ್ತುವಾಗ ಒಳಗೆ ತಂಪಿರಲೆಂದು ಎಂಜಿನ್ ಓಡುತ್ತಲೇ ಇತ್ತು. ಗಿರಿಜಕ್ಕ ನೆಟ್ಟಗೆ ಅಲ್ಲಿಗೆ ನಡೆದರು. ಡ್ರೈವರ್ "ಯಾ ತಾಈ, ಬಸಾ" ಎಂದು, ಬನ್ನಿ ಅಕ್ಕಾ ಕೂತ್ಕೊಳ್ಳಿ ಅಂತ ಮರಾಠಿಯಲ್ಲಿ ಕರೆದು ಬಾಗಿಲು ತೆಗೆದು, ಕಾರಿನ ಚಾರ್ಜರಿಗೆ ಮೊಬೈಲು ಸಿಕ್ಕಿಸಿಕೊಟ್ಟ.

"ಕೆಸರು ಕಾಲು! ಸೀಟು ಬಿಳೀದು!" ಎಂದು ರಾಯರು ಕೂಗಿದರು. ಕೈಯಲ್ಲಿ ಮೈಕು ಇರುವುದನ್ನು ಮರೆತಿದ್ದರು. ಅಂದಿನ ಭಾಷಣದಲ್ಲಿ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿದ್ದು ಅದೊಂದೇ.

ಸ್ವಲ್ಪ ಹೊತ್ತಿಗೆ ಕಾರಿನೊಳಗಿಂದ "ಇದ್ದೀರಾ?" ಎಂಬ ಸಣ್ಣ ದನಿ. ಮರುಕ್ಷಣವೇ ಬೈಗುಳ: "ರೈಲಿಲ್ಲ ಅಂತ ಹೊಟೇಲಿಗೇ ವಾಪಸು ಹೋದ್ರಾ? ನಾನಿಲ್ಲಿ ಸಾಯ್ಬೇಕಾ?" ಬೈಯುತ್ತಲೇ ಅತ್ತರು. ನಮ್ಮ ಕಣ್ಣೂ ಒದ್ದೆ. ನೋಡುನೋಡುತ್ತ ವೇದಿಕೆಯ ಮುಂದಿದ್ದ ಸಾಲು ಕಾರಿನ ಹಿಂದೆ ಬೆಳೆಯಿತು. ರಾಯರು ಬಿಸಿಲಿಲ್ಲದ ಡಬ್ಬಿಗಳ ನಡುವೆ ಒಬ್ಬರೇ ನಿಂತಿದ್ದರು. ಬಳಗದ ಪತ್ರಿಕೆಯಲ್ಲಿ ಆಮೇಲೆ ಗಿರಿಜಕ್ಕ ರಾಯರನ್ನು ಕೆಂಗಣ್ಣು ಬಿಟ್ಟು ನೋಡುವ ಫೋಟೋ ಬಂತು. ಕೆಳಗೆ "ಸಂತ್ರಸ್ತೆಯ ಕಣ್ಣಲ್ಲಿ ಕೃತಜ್ಞತೆ" ಎಂದಿತ್ತು.

ಇವತ್ತೇ ಮಧ್ಯಾಹ್ನ ರಾಯರ ಫೋನು. ಈ ಮಳೆಗಾಲಕ್ಕೆ ನೀರು ಶುದ್ಧ ಮಾಡುವ ಯಂತ್ರ ಹಂಚುತ್ತಾರಂತೆ, ಕರೆಂಟಿನಿಂದ ನಡೆಯುವಂಥದ್ದು. "ಬರುವುದಿಲ್ಲ" ಎಂದೆ. ಇಷ್ಟು ಸಲೀಸಾದ ಮಾತನ್ನು ಇಷ್ಟು ವರ್ಷ ಯಾಕೆ ಆಡಿರಲಿಲ್ಲವೋ! ಆಮೇಲೆ ಗಿರಿಜಕ್ಕನಿಗೆ ಫೋನು ಮಾಡಿ, ಮಳೆ ಹಿಡಿಯುವ ಮೊದಲು ಏನಾದರೂ ಬೇಕೇ ಎಂದು ಕೇಳಿದೆ.

ಅವರೆಂದರು: "ಒಂದು ಉದ್ದ ಹಗ್ಗ, ಎರಡು ಟಾರ್ಚು. ತರುದಾದ್ರೆ ಒಬ್ರೇ ಬನ್ನಿ ಮಾರಾಯ್ರೆ."